ಒತ್ತಿ ನೋಡದೆ ಅಣುಗಳ ನಂಟು ಹೇಳಬೇಡಿ

ಕೆಮಿಸ್ಟ್ರಿಯಲ್ಲಿ ಸಂಶೋಧನಾ ಪೇಪರ್ ಬರೆಯುವ ಗೆಳೆಯರಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಎರಡು ದ್ರವ ತಗೊಂಡು ಬೇರೆಬೇರೆ ಪ್ರಮಾಣದಲ್ಲಿ ಬೆರೆಸುವುದು, ದ್ರವದ ಮಂದತೆ ಅಳೆಯುವ ಗಾಜಿನ ಕೊಳವೆ ವಿಸ್ಕೋಮೀಟರ್‌ನಲ್ಲಿ ಇಳಿಯುವ ಹೊತ್ತು ಅಳೆಯುವುದು, 303, 308, 313 ಕೆಲ್ವಿನ್‌ನಲ್ಲಿ (ಹೆಚ್ಚುಕಡಿಮೆ 30, 35, 40 ಡಿಗ್ರಿ ಸೆಲ್ಸಿಯಸ್) ಮತ್ತೆ ಅದೇ. ಕೊನೆಗೆ "ಅಣುಗಳ ನಡುವೆ ಬಲವಾದ ಆಕರ್ಷಣೆ ಇದೆ" ಅಂತ ಒಂದು ಸಾಲು. ಇಂಥವು ಓದಿ ಓದಿ ಸಾಕಾಗಿದೆ. ಅಳತೆಯ ಬಗ್ಗೆ ನನ್ನ ತಕರಾರಿಲ್ಲ, ಆ ಕೊನೇ ಸಾಲಿನ ಬಗ್ಗೆ ಇದೆ.

ಗ್ರುನ್‌ಬರ್ಗ್ ಮತ್ತು ನಿಸ್ಸಾನ್ 1949ರಲ್ಲಿ ಕೊಟ್ಟ ಸೂತ್ರ ಎಲ್ಲರಿಗೂ ಗೊತ್ತು. ಮಿಶ್ರಣದ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ಬಿಡಿ ದ್ರವಗಳಿಂದ ಹಾಕಿದ ಲೆಕ್ಕಕ್ಕಿಂತ ಜಾಸ್ತಿ ಬಂದರೆ ಸೂತ್ರದ ಅಂಕಿ ಪ್ಲಸ್, ಕಡಿಮೆ ಬಂದರೆ ಮೈನಸ್. ಪ್ಲಸ್ ಬಂತೋ, ಅಣುಗಳು ಒಂದನ್ನೊಂದು ಹಿಡಿದುಕೊಂಡಿವೆ ಅಂತ ತೀರ್ಪು! ಬಸ್ಸಿನಲ್ಲಿ ಮುಂದಕ್ಕೆ ಸರಿಯಲಾಗದಿದ್ದರೆ ಜನ ಕೈಕೈ ಹಿಡಿದು ನಿಂತಿದ್ದಾರೆ ಅಂತಲೇ ಅರ್ಥವೇ? ಬರೀ ನೂಕುನುಗ್ಗಲೂ ಇರಬಹುದಲ್ಲ.

ನೀರು ಮತ್ತು ಎಥನಾಲ್ ನೋಡಿ. 25 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 0.89 ಮಿಲಿಪ್ಯಾಸ್ಕಲ್ ಸೆಕೆಂಡ್, ಎಥನಾಲ್‌ನದು ಸುಮಾರು 1.1. ಹದವಾಗಿ ಬೆರೆಸಿದರೆ 2.4ರ ಹತ್ತಿರ ಹೋಗುತ್ತದೆ, ಎರಡರಲ್ಲಿ ಯಾವುದಕ್ಕಿಂತಲೂ ದುಪ್ಪಟ್ಟು ಮಂದ. ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಆಮ್ಲಜನಕಕ್ಕೂ ಇರುವ ಸೆಳೆತ) ಕಾರಣ ಅನ್ನುತ್ತೇವೆ, ಸರಿ. ಆದರೆ 50 ಮಿಲಿಗೆ 50 ಮಿಲಿ ಸುರಿದರೆ 100 ಆಗುವುದಿಲ್ಲ, 97ರ ಆಸುಪಾಸು ನಿಲ್ಲುತ್ತದೆ. ಅಂದರೆ ಒಳಗೆ ಇಕ್ಕಟ್ಟೂ ಆಗಿದೆ. ಬಂಧದ ಪಾಲೆಷ್ಟು, ಇಕ್ಕಟ್ಟಿನ ಪಾಲೆಷ್ಟು?

ಬಿಸಿ ಮಾಡಿ ನೋಡಿದರೆ ಇದು ಬಿಡಿಸಿಕೊಳ್ಳುವುದಿಲ್ಲ. ಕಾಯಿಸಿದಾಗ ಅಣುಗಳ ಕುಣಿತವೂ ಹೆಚ್ಚುತ್ತದೆ, ನಡುವಿನ ಜಾಗವೂ ಹಿಗ್ಗುತ್ತದೆ, ಎರಡೂ ಒಟ್ಟಿಗೆ. ಉಷ್ಣತೆ ಹಾಗೇ ಇಟ್ಟು ಒತ್ತಡ ಏರಿಸಿದರೆ ಮಾತ್ರ ಜಾಗವೊಂದೇ ಕುಗ್ಗುತ್ತದೆ.

ಹಾರ್ವರ್ಡ್‌ನ ಪರ್ಸಿ ಬ್ರಿಜ್‌ಮನ್ 1926ರಲ್ಲೇ ಈ ದಾರಿ ತೋರಿಸಿದ್ದ. 43 ದ್ರವಗಳನ್ನು ಚದರ ಸೆಂಟಿಮೀಟರಿಗೆ 12,000 ಕಿಲೋವರೆಗೆ ಒತ್ತಿ, ಒಳಗೊಂದು ತೂಕ ಬೀಳುವ ಹೊತ್ತು ಅಳೆದ. ಲವಂಗದೆಣ್ಣೆಯ ಯೂಜಿನಾಲ್ ಸುಮಾರು ಒಂದು ಕೋಟಿ ಪಟ್ಟು ಮಂದವಾಯಿತು. (1946ರಲ್ಲಿ ನೊಬೆಲ್ ಬಂದದ್ದು ಇಂಥ ಅಧಿಕ ಒತ್ತಡದ ಕೆಲಸಕ್ಕೇ.)

ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ನೀರು. ಮುಂದೆ ಎಕ್ಸ್-ರೇ ಕಂಡುಹಿಡಿದ ರಾಂಟ್ಜೆನ್ 1884ರಲ್ಲೇ ಗಮನಿಸಿದ್ದ: ತಣ್ಣನೆಯ ನೀರನ್ನು ಒತ್ತಿದರೆ ಅದು ಮೊದಲು ತೆಳುವಾಗುತ್ತದೆ, ಮಂದವಾಗುವುದು ಆಮೇಲೆ. ಇಕ್ಕಟ್ಟೇ ಎಲ್ಲಕ್ಕೂ ಕಾರಣವಾಗಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ. ಹೈಡ್ರೋಜನ್ ಬಂಧಗಳ ಹಂದರವನ್ನು ಒತ್ತಡ ಬಾಗಿಸಿ ಸಡಿಲಿಸಿದ್ದರಿಂದ ಆದದ್ದು ಅದು. ಅಣುಗಳ ನಂಟು ಅಂದರೆ ಇದಪ್ಪ! ಎಥನಾಲ್ ಹೀಗಲ್ಲ, ಒತ್ತಿದಷ್ಟೂ ಮಂದ. ನೀರಿನ ಈ ಚಾಳಿಯೂ 30 ಡಿಗ್ರಿ ದಾಟಿ ಸ್ವಲ್ಪದರಲ್ಲೇ ಮಾಯ. ನಮ್ಮ ಪೇಪರ್‌ಗಳ 313 ಕೆಲ್ವಿನ್‌ನಲ್ಲಿ ಹುಡುಕಿದರೂ ಸಿಗದು.

ಕಾಲೇಜಿನಲ್ಲಿ ಅಂಥ ಉಪಕರಣಕ್ಕೆ ದುಡ್ಡೆಲ್ಲಿ ಸಾರ್ ಅನ್ನುತ್ತೀರಿ. ನಿಜ, ನಮ್ಮಲ್ಲೂ ಇಲ್ಲ. ಹಾಗಾದರೆ ಕೋಷ್ಟಕ ಕೊಟ್ಟು ಸುಮ್ಮನಿರಿ, ಒಳ್ಳೆಯ ಅಳತೆಗೆ ಅದರದೇ ಬೆಲೆ ಇದೆ. ಆದರೆ ಹೊಂಗೆ ಬಯೋಡೀಸೆಲ್ ಬೆರೆಸಿದ ಡೀಸೆಲ್ ಬಗ್ಗೆ ಬರೆಯುವವರು ಒಂದು ನೆನಪಿಡಿ: ಭಾರೀ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಇಂದಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಅದು 2000 ಬಾರ್‌ನಷ್ಟು ಒತ್ತಡ ಕಾಣುತ್ತದೆ (1 ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ). 1 ಬಾರ್‌ನ ಗಾಜಿನ ಕೊಳವೆಯಲ್ಲಿ ಅಳೆದು ಇಂಜೆಕ್ಟರ್ ಒಳಗಿನ ಸ್ಥಿತಿ ಇದು ಅಂತ ಬರೆದರೆ ನಾನಂತೂ ಕಾಮೆಂಟಿನಲ್ಲಿ ಕೇಳಿಯೇ ಕೇಳುತ್ತೇನೆ.