ಜಲ್ಲಿಗೂ ಬಂತು ಯೋಗ

ಆ ಬ್ರೋಷರ್ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ, ಬಿಡಿ. ದ್ರಾಕ್ಷಿ ತೋಟದ ನಡುವೆ ಬಿಳೀ ಮಣ್ಣಿನ ದಾರಿ, ಅಂಚಿಗೆ ಸೈಪ್ರೆಸ್ ಮರಗಳ ಸಾಲು, ಮಧ್ಯದಲ್ಲಿ ನಾಲ್ಕು ಜನ ಹಲ್ಲು ಬಿಟ್ಟುಕೊಂಡು ಸೈಕಲ್ ತುಳಿಯುವ ಫೋಟೊ. ವೈನ್ ನಾಡಿನಲ್ಲಿ ಗೈಡ್ ಸಹಿತ ಗ್ರಾವೆಲ್ ಸೈಕ್ಲಿಂಗ್ ರಜೆ, ಆರು ರಾತ್ರಿ, ಏಳು ಹಗಲು. ನನಗೆ ಕಳಿಸಿದ್ದು ಬೆಂಗಳೂರಲ್ಲಿರುವ ಸೋದರಳಿಯ. ಬೆಲೆ ಯೂರೋದಲ್ಲಿತ್ತು. ಅದನ್ನು ರೂಪಾಯಿಗೆ ಇಳಿಸಿ, ರೂಪಾಯಿಯನ್ನು ರೊಬಸ್ಟಾ ಚೆರಿ ಮೂಟೆಗೆ ಇಳಿಸಿ ನೋಡಿದೆ. ಕಾಫಿ ತೋಟದವರಿಗೆ ಇದೊಂದು ಕಾಯಿಲೆ, ಮಗಳ ಮದುವೆ ಖರ್ಚನ್ನೂ ಮೂಟೆಯಲ್ಲೇ ಲೆಕ್ಕ ಹಾಕುತ್ತೇವೆ. ಉತ್ತರ ಬಂದ ಮೇಲೆ ಫೋನನ್ನು ಬೋರಲು ಹಾಕಿ ಕಣದ ಕಡೆ ಒಂದು ಸುತ್ತು ಹೋಗಿ ಬಂದೆ.

ಗ್ರಾವೆಲ್ ಅಂದರೇನಪ್ಪಾ ಅಂತ ಅಳಿಯನಿಗೆ ಫೋನ್ ಮಾಡಿದೆ. "ಜಲ್ಲಿ ಮಾಮ. ಡಾಂಬರಿಲ್ಲದ ರಸ್ತೆ. ಅದನ್ನೇ ಹುಡುಕ್ಕೊಂಡು ಹೋಗೋದು" ಅಂದ.

ಹುಡುಕಿಕೊಂಡು ಹೋಗೋದು! ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನಿಂದ ನಮ್ಮೂರಿಗೆ ಬರುವ ದಾರಿಯನ್ನು ನೀವು ಹುಡುಕಬೇಕಾಗಿಲ್ಲ, ಅದೇ ನಿಮ್ಮ ಸೊಂಟವನ್ನು ಹುಡುಕಿಕೊಂಡು ಬರುತ್ತೆ. ಈ ರಸ್ತೆಗೆ ಇಲ್ಲಿಯವರೆಗೆ ಮೂರು ಗುದ್ದಲಿ ಪೂಜೆ ಆಗಿದೆ. ಪೂಜೆಯಲ್ಲಿ ಏನೂ ಲೋಪವಿಲ್ಲ, ತೆಂಗಿನಕಾಯಿ ಮೂರು ಸಲವೂ ಸಮನಾಗಿ ಒಡೆದಿದೆ. ಎರಡನೇ ಪೂಜೆಯ ನಂತರ ಗುತ್ತಿಗೆದಾರ ನಲವತ್ತು ಎಂಎಂ ಜಲ್ಲಿ ತಂದು ಸುರಿದ, ಹರಡಿದ, ರೋಲರ್ ತಂದ. ರೋಲರ್ ಕೆಟ್ಟಿತು. ಗುತ್ತಿಗೆದಾರ ಬಿಡಿಭಾಗ ತರಲು ಹೋದ. ಹಲಸಿನ ಮರದ ಬುಡದಲ್ಲಿ ನಿಂತ ಆ ರೋಲರಿಗೆ ಈಗ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಹೋದ ವರ್ಷ ಅದರಿಂದ ಒಂದಷ್ಟು ಮೆಣಸು ಕೊಯ್ದರು ಅಂತಲೂ ಸುದ್ದಿ.

ಇಟಲಿಯವರ ಕಥೆ ಕೇಳಿ. ಟಸ್ಕನಿಯಲ್ಲಿ ಈ ಬಿಳೀ ಮಣ್ಣಿನ ದಾರಿಗಳಿಗೆ ಸ್ತ್ರಾದೆ ಬಿಯಾಂಕೆ ಅನ್ನುತ್ತಾರೆ. ಸುಣ್ಣದ ಮಣ್ಣು, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತೆ. ಒಂದೊಂದೇ ದಾರಿಗೆ ಡಾಂಬರು ಬೀಳುತ್ತಾ ಬಂದಾಗ ಅಲ್ಲಿನ ಕೆಲವರಿಗೆ ಹೊಟ್ಟೆ ಉರಿಯಿತು. ಅವನ್ನು ಉಳಿಸಿಕೊಳ್ಳಬೇಕು ಅಂತ 1997ರಲ್ಲಿ ಕಿಯಾಂತಿ ಸೀಮೆಯ ಗಾಯೊಲೆ ಅನ್ನುವ ಊರಿನಿಂದ ಹಳೇ ಸೈಕಲ್ಲುಗಳ ಸವಾರಿ ಹೊರಡಿಸಿದರು. ಹೆಸರು ಲೆರೊಯ್ಕಾ. 1987ಕ್ಕಿಂತ ಹಿಂದಿನ ಸೈಕಲ್ಲೇ ಆಗಬೇಕು, ಉಣ್ಣೆಯ ಜರ್ಸಿ ಹಾಕಬೇಕು, ದಾರಿಯ ತಿಂಡಿ ಕಟ್ಟೆಯಲ್ಲಿ ನೀರಿನ ಜೊತೆ ವೈನೂ ಸಿಗುತ್ತೆ. ಅದರ ಜಾಡು ಹಿಡಿದು 2007ರಲ್ಲಿ ಅದೇ ದಾರಿಗಳ ಮೇಲೆ ವೃತ್ತಿಪರರ ರೇಸು ಶುರುವಾಯಿತು. 2022ರಿಂದ ಗ್ರಾವೆಲ್ಲಿಗೆ ವಿಶ್ವ ಚಾಂಪಿಯನ್‌ಷಿಪ್ಪೇ ಇದೆ, ಮೊದಲನೆಯದು ಇಟಲಿಯಲ್ಲೇ ಆಯಿತು.

ಅಂದರೆ ಅಲ್ಲಿ ರಸ್ತೆಗೆ ಡಾಂಬರು ಬೀಳದಂತೆ ತಡೆಯಲು ಜನ ಟೊಂಕ ಕಟ್ಟಿ ನಿಂತರು. ನಮ್ಮಲ್ಲಿ ಅಷ್ಟೆಲ್ಲ ಕಷ್ಟ ಇಲ್ಲ. ಒಂದು ಸವಾರಿ ಇಲ್ಲದೆ, ಒಂದು ಉಣ್ಣೆಯ ಜರ್ಸಿ ಇಲ್ಲದೆ, ನಮ್ಮವರು ಕೂತಲ್ಲೇ ಕೂತು ಜಿಲ್ಲೆಯ ಅರ್ಧ ರಸ್ತೆಗಳನ್ನು ಡಾಂಬರಿನಿಂದ ಕಾಪಾಡಿದ್ದಾರೆ. ಪಾಪ, ಗುರುತಿಸುವವರಿಲ್ಲ.

ಟಸ್ಕನಿಯ ಆ ವೃತ್ತಿಪರರ ರೇಸಿನಲ್ಲಿ ಇನ್ನೊಂದು ಪದ್ಧತಿ ಇದೆ, ಇದು ನನಗೆ ಭಾರೀ ಹಿಡಿಸಿತು. ಮೂರು ಸಲ ಗೆದ್ದವನ ಹೆಸರನ್ನು ಜಲ್ಲಿ ದಾರಿಯ ಒಂದು ತುಂಡಿಗೆ ಇಡುತ್ತಾರೆ. ಸ್ವಿಟ್ಜರ್ಲೆಂಡಿನ ಫೇಬಿಯನ್ ಕಾಂಚೆಲಾರಾ 2008, 2012, 2016ರಲ್ಲಿ ಗೆದ್ದ, ಹನ್ನೊಂದೂವರೆ ಕಿಲೋಮೀಟರ್ ಜಲ್ಲಿ ಅವನ ಹೆಸರಿಗಾಯಿತು. ಇದನ್ನು ನಾವೂ ತರಬಾರದೇಕೆ? ನಮ್ಮಲ್ಲಿ ಮೂರು ಸಲ ಗೆದ್ದವರಿಗೇನು ಬರವೇ? ಯಾವ ಪಕ್ಷ, ಯಾವ ಕ್ಷೇತ್ರ ಅಂತ ಕೇಳಬೇಡಿ, ಎಲ್ಲ ಕಡೆ ಇದ್ದಾರೆ. ಜಲ್ಲಿಯಂತೂ ಧಾರಾಳ. ಒಬ್ಬೊಬ್ಬರಿಗೆ ಹನ್ನೊಂದೂವರೆ ಕಿಲೋಮೀಟರ್ ಹಂಚಿದರೂ ಮಿಕ್ಕುತ್ತೆ. ಮಿಕ್ಕಿದ್ದನ್ನು ಸೋತವರಿಗೆ ಕೊಡಬಹುದು.

ಅಳಿಯ ಸುಮ್ಮನಿರುವ ಪೈಕಿ ಅಲ್ಲ. "ಮಾಮ, ಅಷ್ಟು ದೂರ ಯಾಕೆ ಹೋಗಬೇಕು? ನಮ್ಮಲ್ಲೇ ಮಾಡಬಹುದಲ್ಲ. ಸಕಲೇಶಪುರದಲ್ಲಿ ಶುರು, ಬೇಲೂರು ದೇವಸ್ಥಾನ, ಅಲ್ಲಿಂದ ಎಸ್ಟೇಟ್ ರೋಡುಗಳಲ್ಲೇ ನಿಮ್ಮನೆ. ವೈನ್ ಕಂಟ್ರಿ ಬದಲು ಕಾಫಿ ಕಂಟ್ರಿ" ಅಂದ. ಅಂದವನು ಒಂದು ಬ್ರೋಷರ್ ಮಾಡಿಯೂ ಬಿಟ್ಟ. ನಮ್ಮ ರಸ್ತೆ ಅದರಲ್ಲಿ ‘ಕಾಲದ ಸ್ಪರ್ಶವಿಲ್ಲದ ಹಾದಿ’ ಆಗಿತ್ತು. ಕಾಲ ಸ್ಪರ್ಶಿಸಿದೆ ಕಣೋ, ಇಲಾಖೆ ಸ್ಪರ್ಶಿಸಿಲ್ಲ ಅಷ್ಟೇ ಅಂದೆ. ಅವನಿಗದು ಇನ್ನೂ ಚೆನ್ನಾಗಿ ಕಾಣಿಸಿ ಬರೆದುಕೊಂಡ.

ವೈನಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ದ್ರಾಕ್ಷಿ ನಮ್ಮ ಕಡೆಯ ಬೆಳೆ ಅಲ್ಲ. ಕರ್ನಾಟಕದ ವೈನು ಅಂದರೆ ನಂದಿ ಬೆಟ್ಟದ ಸುತ್ತ, ಆ ಕಡೆ ವಿಜಯಪುರದ ಕೃಷ್ಣಾ ತೀರ. ನಮ್ಮ ಆರಿದ್ರಾ ಮಳೆಗೆ ದ್ರಾಕ್ಷಿ ಬಳ್ಳಿ ನಿಲ್ಲಿಸಿದರೆ ಹಣ್ಣಿಗೆ ಮೊದಲು ಬೂಸ್ಟೇ ಫಸಲು. ಆದರೂ ರಸ್ತೆ ಬದಿಯ ಅಂಗಡಿಗಳಲ್ಲಿ ಹೋಮ್‌ಮೇಡ್ ವೈನ್ ಬೋರ್ಡಿಗೆ ಕೊರತೆಯಿಲ್ಲ. ಶುಂಠಿ ವೈನು, ವೀಳ್ಯದೆಲೆ ವೈನು, ಗಾಂಧಾರಿ ಮೆಣಸಿನ ವೈನು. ವೀಳ್ಯದೆಲೆ ವೈನು ನಾನು ಕುಡಿದಿದ್ದೇನೆ. ಕೆಮ್ಮಿನ ಔಷಧಿಯನ್ನು ಮದುವೆ ಮನೆಯ ತಾಂಬೂಲದ ತಟ್ಟೆಗೆ ಸುರಿದ ಹಾಗಿತ್ತು. ಕೆಮ್ಮು ಮಾತ್ರ ಹೋಗಲಿಲ್ಲ.

ಕಿಯಾಂತಿ ಕ್ಲಾಸಿಕೊ ವೈನಿನ ಬಾಟಲಿ ಮೇಲೆ ಕರೀ ಹುಂಜದ ಚಿತ್ರ ಇರುತ್ತೆ. ಫ್ಲಾರೆನ್ಸಿಗೂ ಸಿಯೆನಾಗೂ ಗಡಿ ಜಗಳವಂತೆ. ಕೋಳಿ ಕೂಗಿದಾಗ ಎರಡೂ ಊರಿನಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡುವುದು, ಇಬ್ಬರೂ ಎದುರಾದಲ್ಲಿ ಗಡಿ ಅಂತ ಮಾತಾಯಿತಂತೆ. ಫ್ಲಾರೆನ್ಸಿನವರು ಹುಂಜವನ್ನು ಉಪವಾಸ ಕೆಡವಿದರು, ಹಸಿದ ಹುಂಜ ನಡುರಾತ್ರಿಯಲ್ಲೇ ಕೂಗಿತು, ಸೀಮೆಯೆಲ್ಲ ಅವರ ಪಾಲಾಯಿತು ಅನ್ನುವುದು ಕಥೆ. ಒತ್ತುವರಿಗೆ ಇಷ್ಟು ಸೊಗಸಾದ ಸಮಜಾಯಿಷಿಯನ್ನು ನಾನು ಸರ್ವೆ ಕಚೇರಿಯಲ್ಲೂ ಕೇಳಿಲ್ಲ. ನಮ್ಮಲ್ಲಿ ಆ ಬಣ್ಣದ ಹುಂಜ ಸಿಕ್ಕಿದ್ದರೆ ಗಡಿ ತೀರ್ಮಾನ ಆಗುವ ಮೊದಲೇ ಕಡುಬಿನ ಜೊತೆ ಸಾರಾಗಿರುತ್ತಿತ್ತು.

ವೈನ್ ಇಲ್ಲದ ಕೊರತೆಯನ್ನು ಅಳಿಯ ಕಾಫಿ ಟೇಸ್ಟಿಂಗಿನಿಂದ ತುಂಬಿದ. ಚಮಚದಲ್ಲಿ ಸೊರ್ರನೆ ಹೀರಿ, ಬಾಯೆಲ್ಲ ಆಡಿಸಿ, ಉಗಿದು, ಕಣ್ಣುಮುಚ್ಚಿ "ಕಿತ್ತಳೆ ಸಿಪ್ಪೆ, ಬೆಲ್ಲ, ಸ್ವಲ್ಪ ಹಲಸು" ಅನ್ನುವುದು. ಐವತ್ತು ವರ್ಷ ಚಿಕೋರಿ ಹಾಕಿದ ಕಾಫಿ ಕುಡಿದವನು ನಾನು, ನನ್ನ ನಾಲಿಗೆಗೆ ಗೊತ್ತಾಗುವುದು ಎರಡೇ ರುಚಿ. ಹಾಲು ಜಾಸ್ತಿ, ಹಾಲು ಕಮ್ಮಿ. ಬೆಲ್ಲದ ರುಚಿ ಬರುತ್ತಿದೆ ಅಂದರೆ ನಮ್ಮ ಲೈನು ಮನೆಯವರ ಕಾಫಿಯಲ್ಲಿ ಬೆಲ್ಲವನ್ನೇ ಹಾಕುತ್ತಾರೆ, ಹಾಲಿಗೆ ದುಡ್ಡಿಲ್ಲದ್ದಕ್ಕೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದ ಕಥೆಯನ್ನೂ ಬ್ರೋಷರಿನಲ್ಲಿ ಹಾಕಿದ್ದ. ಸವಾರರ ಹಿಂದೆ ಬಾಳೆಹಣ್ಣು ತುಂಬಿದ ವ್ಯಾನ್ ಬರುತ್ತೆ ಅಂತಲೂ ಇತ್ತು. ಆ ಪುಣ್ಯಾತ್ಮನ ಹಿಂದೆ ಅಂಥ ವ್ಯಾನ್ ಬರುತ್ತಿರಲಿಲ್ಲ ಅನ್ನುವುದು ಮಾತ್ರ ಬಿಟ್ಟುಹೋಗಿತ್ತು.

ಅಂತೂ ಟ್ರಯಲ್ ನೋಡಲು ಆರು ಜನ ಬಂದರು. ಸೈಕಲ್ ನೋಡಿದೆ. ಟಗರಿನ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲ್, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಒಬ್ಬ ಹುಡುಗ ನಮ್ಮ ಅಂಗಳದಲ್ಲಿ ಮಂಡಿಯೂರಿ ಕೂತು ಟೈರನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದ, ಗಾಳಿ ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ನಮ್ಮ ಆಳು ಬಾಳೆಗೊನೆ ಬಲಿತಿದೆಯೋ ಅಂತ ನೋಡುವಾಗಲೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಒಳಗೆ ಟ್ಯೂಬಿಲ್ಲ ಅಂಕಲ್, ಒಂದು ದ್ರವ ಇದೆ, ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುತ್ತೆ ಅಂದ. ಟೈರ್ ಎಷ್ಟು ಅಗಲ ಅಂದೆ. "ಮೂವತ್ತೆಂಟು ಎಂಎಂ, ಜಲ್ಲಿಗೇ ಅಂತ ಡಿಸೈನ್ ಮಾಡಿದ್ದು."

ಕೊಟ್ಟಿಗೆಯ ಅಟ್ಟದಲ್ಲಿ ಅಪ್ಪನ ಅಟ್ಲಾಸ್ ಸೈಕಲ್ ಇದೆ. ಅದರ ಟೈರು ಇಪ್ಪತ್ತೆಂಟು ಇಂಚು, ಒಂದೂವರೆ ಇಂಚು ದಪ್ಪ. ಒಂದೂವರೆ ಇಂಚು ಅಂದರೆ ಎಷ್ಟು ಎಂಎಂ ಅಂತ ಆ ಹುಡುಗನನ್ನೇ ಕೇಳಿದೆ. ಅವನು ಫೋನಿನಲ್ಲಿ ಗುಣಿಸಿದ. ಮೂವತ್ತೆಂಟು. ಪೋಸ್ಟಿನವನು, ಹಾಲಿನವನು, ತೋಟದ ರೈಟರು, ಎಲ್ಲರೂ ಆ ಟೈರಿನಲ್ಲೇ ಈ ಜಲ್ಲಿ ಮೇಲೆ ಕಾಗದ, ಹಾಲು, ಸಂಬಳದ ಪಟ್ಟಿ ಸಾಗಿಸಿದವರು. ಅವರ್ಯಾರೂ ಅದಕ್ಕೆ ಅನುಭವ ಅನ್ನಲಿಲ್ಲ, ಡ್ಯೂಟಿ ಅಂದರು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅವತ್ತು ವಿಶ್ವ ಬೈಸಿಕಲ್ ದಿನ. ಇಂಥ ಮುಹೂರ್ತ ನಮ್ಮ ಜೋಯಿಸರಿಗೂ ಸಿಗುವುದಿಲ್ಲ.

ಬೆಳಿಗ್ಗೆ ಏರಿನಲ್ಲಿ ಆರೂ ಜನ ಏದುಸಿರು ಬಿಡುತ್ತಾ ತುಳಿಯುತ್ತಿದ್ದರೆ, ಪಕ್ಕದ ತೋಟದವನು ಟಿವಿಎಸ್ ಎಕ್ಸೆಲ್ ಮೇಲೆ ಎರಡು ಮೂಟೆ ಗೊಬ್ಬರ, ಅದರ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಅವರನ್ನು ದಾಟಿ ಹೋದ. ಹೋದವನು ನಿಲ್ಲಿಸಿ, ತಿರುಗಿ, "ಕಾರು ಎಲ್ಲಿ ಕೆಟ್ಟು ನಿಂತಿದೆ?" ಅಂತ ಕೇಳಿದ.

ಬ್ರೋಷರಿನಲ್ಲಿ ‘ಕಾಡಾನೆ ದರ್ಶನದ ಸಾಧ್ಯತೆ’ ಅಂತಲೂ ಒಂದು ಸಾಲಿತ್ತು. ಅದನ್ನು ಮಾತ್ರ ನಾನು ಹೊಡೆಸಿ ಹಾಕಿಸಿದೆ. ಸಕಲೇಶಪುರ, ಆಲೂರು, ಬೇಲೂರು ಸೀಮೆಯಲ್ಲಿ ಬೆಳಿಗ್ಗೆ ಏಳುತ್ತಲೇ ಜನ ನೋಡುವುದು ಆನೆ ಎಲ್ಲಿದೆ ಅನ್ನುವ ಮೆಸೇಜು. ಕೂಲಿಗೆ ಹೊರಟವರು ವಾಪಸ್ ಬಾರದ ಮನೆಗಳಿವೆ ಅಲ್ಲಿ. ಎಂಟು ಸಲ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ ಕಾಡಾನೆಯ ಎದುರು ನಿಂತು ಸತ್ತ. ಮೂವತ್ತೆಂಟು ಎಂಎಂ ಟೈರಿನವರು ಯಾವ ಲೆಕ್ಕ. ಸಾಧ್ಯತೆಯಂತೆ, ಸಾಧ್ಯತೆ.

ಇಲ್ಲಿಗೆ ತಮಾಷೆ ಸಾಕಾಯಿತು ನನಗೆ. ಸೈಕಲ್ ಅಂದಾಗ ನೆನಪಾಗುವುದು ನಮ್ಮ ಶಾಲೆಯ ಹೆಣ್ಣುಮಕ್ಕಳು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿತು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹ್ಯಾಂಡಲ್, ಕಾಲಿಗೆ ಅಂಟಿದ ಇಂಬಳ, ಚೈನಿಗೆ ಸಿಕ್ಕ ಯೂನಿಫಾರ್ಮಿನ ಚೂಡಿದಾರು, ಹಾಗೇ ಇದೇ ಜಲ್ಲಿ ಮೇಲೆ ಹೈಸ್ಕೂಲು ಮುಗಿಸಿದವರಿದ್ದಾರೆ. ಜಾರಿ ಬಿದ್ದರೆ ಮಂಡಿಗೆ ಹಚ್ಚಲು ಕಮ್ಯುನಿಸ್ಟ್ ಸೊಪ್ಪಿನ ರಸ. ಹಿಂದೆ ಯಾವ ವ್ಯಾನೂ ಇರಲಿಲ್ಲ. ಕೋವಿಡ್ ಬಂತು, ಸೈಕಲ್ ನಿಂತಿತು. ಕೋವಿಡ್ ಹೋಯಿತು, ಸೈಕಲ್ ಬರಲಿಲ್ಲ. ಮಕ್ಕಳು ಮತ್ತೆ ನಡೆಯುತ್ತಿದ್ದಾರೆ. ಕಳಸದ ಕಡೆಯಿಂದ ಕಾಯಿಲೆಯವರನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತು ತರುವ ಫೋಟೊ ಪೇಪರಿನಲ್ಲಿ ಪ್ರತಿ ಮಳೆಗಾಲ ಬರುತ್ತೆ. ಹೊರುವವರು ಬದಲಾಗುತ್ತಾರೆ, ಕಂಬಳಿಯ ಬಣ್ಣ ಬದಲಾಗುತ್ತೆ. ಅಧಿಕಾರಿಗಳು "ಪರಿಶೀಲಿಸುತ್ತೇವೆ" ಅನ್ನುವುದು ಬದಲಾಗಿಲ್ಲ. ಆ ಫೋಟೊದ ಹಿನ್ನೆಲೆಯಲ್ಲೂ ಹಸಿರು ಬೆಟ್ಟ ಇದೆ, ಮಂಜು ಇದೆ, ಕಾಲದ ಸ್ಪರ್ಶವಿಲ್ಲದ ಹಾದಿ ಇದೆ. ಯಾಕೋ ಅದನ್ನು ಯಾರೂ ಬ್ರೋಷರಿಗೆ ಹಾಕುವುದಿಲ್ಲ.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರು ಒಳ್ಳೆಯವರೇ, ತಿಂದ ತಟ್ಟೆ ತಾವೇ ತೊಳೆದಿಟ್ಟರು. ಮುಳ್ಳಯ್ಯನಗಿರಿಗೆ ಕಾರು ನುಗ್ಗಿಸಿ ದಾರಿಯುದ್ದಕ್ಕೂ ಚಿಪ್ಸ್ ಪ್ಯಾಕೆಟ್ ಎಸೆಯುವವರಿಗೆ ಹೋಲಿಸಿದರೆ ಇವರು ಋಷಿಗಳು.

ಮಧ್ಯಾಹ್ನ ವಾಪಸ್ ಹೊರಡುವಾಗ ಒಂದು ಸಣ್ಣ ಗಲಾಟೆ ಆಯಿತು. ಅವರ ಹಿಂದೆ ಬರುವ ವ್ಯಾನಿನಲ್ಲಿ ನೀರು, ಬಾಳೆಹಣ್ಣು, ಬ್ಯಾಂಡೇಜು, ಎರಡು ಬಿಡಿ ಚಕ್ರ, ಮಿಕ್ಕಿದ್ದೆಲ್ಲ ಖಾಲಿ ಸೀಟು. ಕೆಳಗಿನ ಮನೆಯ ಅಜ್ಜಿ ಸಕ್ಕರೆ ಕಾಯಿಲೆ ಮಾತ್ರೆಗೆ ಆಲ್ದೂರಿಗೆ ಹೊರಟಿದ್ದವಳು ಮೋರಿ ಹತ್ತಿರ ಕೈ ತೋರಿಸಿದಳು. ಬಸ್ಸು ಈ ರಸ್ತೆಗೆ ಬರುವುದು ಬಿಟ್ಟು ಬಹಳ ದಿನವಾಯಿತು, ನಾಲ್ಕು ಕಿಲೋಮೀಟರ್ ನಡೆಯಬೇಕು. 2023ರ ಜೂನಿನಿಂದ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಬಸ್ಸಿರುವ ಊರುಗಳಲ್ಲಿ. ಅಳಿಯ ತಡವರಿಸಿದ. ಇನ್ಶೂರೆನ್ಸ್ ಪ್ರಕಾರ ಸವಾರರು ಬಿಟ್ಟು ಬೇರೆಯವರು ಹತ್ತುವ ಹಾಗಿಲ್ಲವಂತೆ. ವ್ಯಾನಿನ ಡ್ರೈವರ್ ನಮ್ಮ ಕಡೆಯ ಹುಡುಗ. ಅವನು ಇನ್ಶೂರೆನ್ಸನ್ನೂ ಕೇಳಲಿಲ್ಲ, ಅಳಿಯನನ್ನೂ ಕೇಳಲಿಲ್ಲ. ಅಜ್ಜಿಯನ್ನು ಮುಂದೆ ಕೂರಿಸಿಕೊಂಡು ಸೈಕಲ್ಲುಗಳನ್ನು ದಾಟಿ ಹೋಗಿಯೇಬಿಟ್ಟ. ಹಿಂದೆ ಒಬ್ಬನ ಟೈರು ಸೀಳಿತು. ಒಳಗಿನ ದ್ರವ ಮುಚ್ಚುವಷ್ಟು ಚಿಕ್ಕ ಸೀಳಲ್ಲ ಅದು, ನಮ್ಮ ಜಲ್ಲಿ ಅಂದರೆ ಸುಮ್ಮನೆಯೇ. ಒಂದು ಗಂಟೆ ಆರೂ ಜನ ಆ ರೋಲರಿನ ನೆರಳಲ್ಲಿ ಕೂತಿದ್ದರು.

ಸಂಜೆ ಅಜ್ಜಿ ನಮ್ಮನೆಗೆ ಬಂದಳು. ಸೆರಗಿನ ಗಂಟಿನಲ್ಲಿ ಮಾತ್ರೆ, ಕೈಯಲ್ಲಿ ವ್ಯಾನಿನವನು ಕೊಟ್ಟ ಬಾಳೆಹಣ್ಣು. ಜಗಲಿಯಲ್ಲಿ ಕೂತು ಸಿಪ್ಪೆ ಸುಲಿಯುತ್ತಾ ಕೇಳಿದಳು:

"ಅಲ್ಲ ಕಣಪ್ಪಾ, ನಿನ್ನಳಿಯಂಗೆ ಅಷ್ಟು ದೊಡ್ಡ ವ್ಯಾನಿತ್ತು. ಆ ಹುಡುಗ್ರುನ್ನ ಯಾಕೆ ಹತ್ತಿಸ್ಕಳಲಿಲ್ಲ?"

ಏನು ಹೇಳುವುದು ಅಂತ ನಾನು ಯೋಚಿಸುತ್ತಿದ್ದೆ. ಅವಳೇ ಹಣ್ಣು ಮುರಿದು ಬಾಯಿಗಿಟ್ಟುಕೊಂಡು ಸಮಾಧಾನ ಹೇಳಿದಳು.

"ಪಾಪ, ಗಂಡು ಹುಡುಗ್ರು. ಬಸ್ಸಲ್ಲೂ ಫ್ರೀ ಇಲ್ಲ."