50 ಪೌಂಡ್ ಬಿಲ್ಲೂ ನಮ್ಮ ಭಾವನೂ

ಮೊದಲ ಸಲ ಬಿಲ್ಲು ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ ಒಂದೇ, ಎಷ್ಟು ಪೌಂಡ್? ಅದು ಬಿಲ್ಲಿನ ತೂಕ ಅಲ್ಲ. ಹೆದೆಯನ್ನು 28 ಇಂಚು ಎಳೆದು ಹಿಡಿದಾಗ ಬೆರಳಿನ ಮೇಲೆ ಬೀಳುವ ಭಾರ. ನಮ್ಮ ಭಾವನಿಗೆ, ಅಂದರೆ ನನ್ನ ಹೆಂಡತಿಯ ತಮ್ಮನಿಗೆ, ಇದನ್ನು ಯಾರೂ ಹೇಳಿರಲಿಲ್ಲ ಅಂತಲ್ಲ. ಕಲಿಯುವವರು 30ರ ಆಚೀಚೆ ಶುರು ಮಾಡಬೇಕು ಅಂತಲೂ ಹೇಳಿದ್ದರಂತೆ. ಆದರೆ 30ಕ್ಕೂ 50ಕ್ಕೂ ದರ ಒಂದೇ ಇತ್ತು. ಒಂದೇ ದುಡ್ಡಿಗೆ ಜಾಸ್ತಿ ಸಿಗುವಾಗ ಕಮ್ಮಿ ಯಾಕೆ ತರಬೇಕು ಅಂತ ಅವನ ಲೆಕ್ಕ. ಸಂತೆಯಲ್ಲಿ ಬೆಳೆದ ಬುದ್ಧಿ, ಟೆಕ್ಸಾಸಿಗೆ ಹೋದರೂ ಹೋಗುವುದಿಲ್ಲ.

ಹೌದು, ಅವನಿರುವುದು ಟೆಕ್ಸಾಸಿನಲ್ಲಿ. ಕೆಲಸ ಕಂಪ್ಯೂಟರಿನದ್ದು, ಹುಚ್ಚು ಬೇಟೆಯದ್ದು. ಅಲ್ಲಿ ಕಾಡುಹಂದಿ ಕಾಟ ಕೇರಳದ ಕಾಸರಗೋಡಿನ ನಮ್ಮ ಬದಿಯಡ್ಕ, ಮುಳ್ಳೇರಿಯ ಕಡೆಗಿಂತ ಜೋರಂತೆ. 16ನೇ ಶತಮಾನದಲ್ಲಿ ಸ್ಪೇನಿನವರು ತಿನ್ನಲಿಕ್ಕೆ ಅಂತ ಹಡಗಿನಲ್ಲಿ ತಂದ ಹಂದಿಗಳು ತಪ್ಪಿಸಿಕೊಂಡು, ಆಮೇಲೆ ಬಂದವುಗಳ ಜೊತೆ ಸೇರಿ ಊರೆಲ್ಲ ತುಂಬಿವೆ. ಜಾಗದ ಯಜಮಾನ ಒಪ್ಪಿದರೆ ಖಾಸಗಿ ಜಮೀನಿನಲ್ಲಿ ಅವನ್ನು ಹೊಡೆಯಲು 2019ರಿಂದ ಲೈಸೆನ್ಸೂ ಬೇಡ, ಇಂಥದ್ದೇ ತಿಂಗಳು ಅಂತಲೂ ಇಲ್ಲ. ಗೆಳೆಯರ ಹತ್ತಿರ ಬಂದೂಕು ಇದೆ, ತುದಿಗೆ ಗಾಲಿ ಇರುವ ಕಾಂಪೌಂಡ್ ಬಿಲ್ಲೂ ಇದೆ. ಇವನಿಗೆ ಮಾತ್ರ ಗಾಲಿ ಇಲ್ಲದ, ದುರ್ಬೀನು ಇಲ್ಲದ, ಹಳೇ ಕಾಲದ ಬಿಲ್ಲೇ ಆಗಬೇಕು. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ಎಲ್ಲವನ್ನೂ ಕೇಳಿ ಕೊನೆಗೆ ಒಂದೇ ಮಾತು ಹೇಳಿದರು. "ಅಲ್ಲ ಮಾರಾಯ, ಹಂದಿ ಸತ್ತಿತು ಅಂತಲೇ ಇಟ್ಟುಕೋ. ಮತ್ತೆ ಅದನ್ನು ಎಂತ ಮಾಡುವುದು?" ಅಷ್ಟು ದೂರದ ಯೋಚನೆ ಅವನು ಮಾಡಿರಲಿಲ್ಲ.

ರಜೆಗೆ ಬರುವಾಗ ಬಿಲ್ಲನ್ನೂ ತಂದ. ಬಿಚ್ಚಿ ಜೋಡಿಸುವ ಬಿಲ್ಲು, ಟೇಕ್‌ಡೌನ್ ರಿಕರ್ವ್ ಅನ್ನುತ್ತಾರೆ. ನಡುವಿನ ಹಿಡಿ ಒಂದು, ಮೇಲೆ ಕೆಳಗೆ ಎರಡು ರೆಕ್ಕೆ, ಒಟ್ಟು ಮೂರು ತುಂಡು, ಸೂಟ್‌ಕೇಸಿನಲ್ಲಿ ಅಂಗಿಗಳ ನಡುವೆ ಮಲಗಿಕೊಂಡು ಬರುತ್ತದೆ. ಇದು ಮಾತ್ರ ಅವನು ಮಾಡಿದ ಬುದ್ಧಿವಂತಿಕೆ. ಒಂದೇ ತುಂಡಿನ ಲಾಂಗ್‌ಬೋ ನೋಡಲಿಕ್ಕೆ ಚಂದ, ಹಿಡಿಯಲಿಕ್ಕೆ ಹಗುರ, ಆದರೆ ನಾಳೆ ಪೌಂಡ್ ಬದಲಿಸಬೇಕು ಅಂದರೆ ಇಡೀ ಬಿಲ್ಲನ್ನೇ ಬದಲಿಸಬೇಕು. ಇದರಲ್ಲಿ ರೆಕ್ಕೆ ಬದಲಿಸಿದರೆ ಸಾಕು. ಸಾಕು ಅಂತ ಪುಸ್ತಿಕೆಯಲ್ಲಿ ಇದೆ. ಅದರ ಕಥೆ ಮುಂದೆ ಬರುತ್ತದೆ.

ಬಂದವನು ಮೊದಲು ಮಾಡಿದ ಕೆಲಸ ಎಲ್ಲರನ್ನೂ ಅಳೆದದ್ದು. ಎರಡೂ ಕೈ ಚಾಚಿ ನಿಂತು ಬೆರಳ ತುದಿಯಿಂದ ತುದಿಗೆ ಎಷ್ಟು ಇಂಚು ಇದೆಯೋ ಅದನ್ನು ಎರಡೂವರೆಯಿಂದ ಭಾಗಿಸಿದರೆ ನಿಮ್ಮ ಎಳೆತದ ಉದ್ದ ಅಂದಾಜಿಗೆ ಸಿಗುತ್ತದೆ. ಮನೆಯಲ್ಲಿದ್ದದ್ದು ಹೊಲಿಗೆ ಟೇಪು. ಅದರ ಮೊದಲ ಎರಡು ಇಂಚನ್ನು ಮಗಳು ಯಾವುದೋ ಶಾಲೆಯ ಕೆಲಸಕ್ಕೆ ಕತ್ತರಿಸಿಕೊಂಡಿದ್ದಳು. ಹಾಗಾಗಿ ಆ ದಿನ ನಮ್ಮ ಕುಟುಂಬದ ಎಲ್ಲರ ತೋಳೂ ಎರಡಿಂಚು ಬೆಳೆದವು. 68 ಇಂಚಿನ ಭಾವ 70 ಆದ, 27 ಚಿಲ್ಲರೆ ಇರಬೇಕಾದ ಎಳೆತ ಸರಿಯಾಗಿ 28 ಬಂತು. "ನೋಡಿ ಭಾವ, ಬಿಲ್ಲಿನ ಮೇಲೆ ಬರೆದದ್ದೂ 28, ನಂದೂ 28" ಅಂತ ಕುಣಿದ. ಟೇಪಿನ ವಿಷಯ ನಾನು ಆಮೇಲೆ ಹೇಳಿದೆ. ಒಂದು ಇಂಚು ಕಮ್ಮಿ ಎಳೆದರೆ ಎರಡು ಮೂರು ಪೌಂಡ್ ಕಮ್ಮಿಯಾಗುತ್ತದೆ. ಅದನ್ನು ಕೇಳಿ ಅವನಿಗೆ ಬೇಸರವಾಯಿತು, ಅವನ ಭುಜಕ್ಕೆ ಸಂತೋಷವಾಗಿರಬೇಕು.

ಆಮೇಲೆ ಕಣ್ಣಿನ ಪರೀಕ್ಷೆ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ತೆಂಗಿನಮರವನ್ನು ಅದರೊಳಗಿಂದ ನೋಡಿ, ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಿದ್ದಾಗ ಮರ ಕಿಂಡಿಯಲ್ಲೇ ನಿಲ್ಲುತ್ತದೋ ಅದು ನಿಮ್ಮ ಮುಖ್ಯ ಕಣ್ಣು. ಬಿಲ್ಲು ಕೊಳ್ಳುವಾಗ ಕೈಗಿಂತ ಮೊದಲು ಇದನ್ನು ನೋಡಬೇಕಂತೆ. ನಮ್ಮ ಸೋದರಮಾವ ಆ ಹೊತ್ತಿಗೆ ಸರಿಯಾಗಿ ಜಗಲಿಗೆ ಬಂದರು. ಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಕುಂಬಳೆ ಸೀಮೆಯಲ್ಲಿ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಹತ್ತಿರ ಹುಟ್ಟಿದ ಮೇಲೆ ಬೇರೆ ದಾರಿ ಇಲ್ಲ ಅನ್ನುವ ಜಾತಿಯವರು. ಪರೀಕ್ಷೆ ಮಾಡಿದರೆ ಅವರದ್ದು ಬಲಗೈ, ಎಡಗಣ್ಣು. ಹಾಗಿದ್ದವರು ಎಡಗೈಯವರ ಬಿಲ್ಲಿನಲ್ಲೇ ಕಲಿಯುವುದು ಒಳ್ಳೆಯದು ಅಂತ ಭಾವ ವಿವರಿಸಿದ. ಮಾವ ಶಾಂತವಾಗಿ ಹೇಳಿದರು, "ನನ್ನನ್ನು ಸವ್ಯಸಾಚಿ ಅಂತ ಬರೆದುಕೋ. ಎರಡು ತರಿಸು."

ಇನ್ನು ಹೆದೆ ಏರಿಸುವ ವಿಚಾರ. ರಿಕರ್ವ್ ಬಿಲ್ಲನ್ನು ಕಾಲಿನ ನಡುವೆ ಸಿಕ್ಕಿಸಿ ಬಗ್ಗಿಸಬಾರದು, ರೆಕ್ಕೆ ತಿರುಚಿಕೊಳ್ಳುತ್ತದೆ. ಅದಕ್ಕೆ ಸ್ಟ್ರಿಂಗರ್ ಅಂತ ಒಂದು ಹಗ್ಗ ಇದೆ, ಎರಡು ತುದಿಗೆ ಎರಡು ತೊಟ್ಟಿಲು. ಹಗ್ಗವನ್ನು ಪಾದದಲ್ಲಿ ಮೆಟ್ಟಿ ಹಿಡಿಯನ್ನು ಮೇಲಕ್ಕೆ ಎತ್ತಿದರೆ ಬಿಲ್ಲು ಬಾಗುತ್ತದೆ, ಹೆದೆಯನ್ನು ಜಾರಿಸಿ ಕೂರಿಸಬಹುದು. ಬಿಲ್ಲಿನ ಜೊತೆಗೇ ಇದನ್ನು ತೆಗೆದುಕೊಳ್ಳಿ, ಮರುದಿನ ತೆಗೆದುಕೊಳ್ಳೋಣ ಅನ್ನಬೇಡಿ. ಮಾವ ಇದನ್ನೆಲ್ಲ ನೋಡಿ, "ಜನಕನ ಸಭೆಯಲ್ಲಿ ರಾಮ ಈ ಹಗ್ಗ ತಂದಿದ್ದನಾ?" ಅಂತ ಕೇಳಿದರು. ಭಾವ ಬಿಡಲಿಲ್ಲ. "ತರಲಿಲ್ಲ ಮಾವ, ಅದಕ್ಕೇ ಮುರಿದದ್ದು."

ಅಲ್ಲಿಗೆ ಮುಗಿಯಬೇಕಿತ್ತು. ಭಾವ ಚಹಾಕ್ಕೆ ಅಂತ ಒಳಗೆ ಹೋದ. ಮಾವ ಬಿಲ್ಲನ್ನು ಕೈಗೆ ತೆಗೆದುಕೊಂಡರು, ಎದೆ ಉಬ್ಬಿಸಿದರು, ಬಾಣ ಇಲ್ಲದ ಖಾಲಿ ಹೆದೆಯನ್ನು ಎಷ್ಟಾಗುತ್ತದೋ ಅಷ್ಟು ಎಳೆದು ಬಿಟ್ಟರು. ಧನುಷ್ಟಂಕಾರ! ಅಟ್ಟದಲ್ಲಿದ್ದ ಬೆಕ್ಕು ಕೆಳಗೆ ಹಾರಿತು. ಭಾವ ಚಹಾ ಚೆಲ್ಲಿಕೊಂಡು ಓಡಿ ಬಂದ. ವಿಷಯ ಏನೆಂದರೆ, ಬಾಣ ಇದ್ದರೆ ಬಿಲ್ಲಿನ ಶಕ್ತಿ ಬಾಣದ ಜೊತೆ ಹೋಗುತ್ತದೆ. ಬಾಣ ಇಲ್ಲದಿದ್ದರೆ ಆ ಪೆಟ್ಟೆಲ್ಲ ಬಿಲ್ಲಿಗೇ ವಾಪಸ್ ಬಂದು ರೆಕ್ಕೆ ಸೀಳಬಹುದು, ಎಳೆದವನ ಮುಖಕ್ಕೂ ತಾಗಬಹುದು. ಬಿಲ್ಲಿನ ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಆದರೆ ನಮ್ಮ ಕಡೆಯವರಿಗೆ ಇದನ್ನು ಹೇಗೆ ಅರ್ಥ ಮಾಡಿಸುವುದು? ನೂರಾರು ವರ್ಷಗಳಿಂದ ನಮ್ಮ ವೀರರೆಲ್ಲ ಯುದ್ಧಕ್ಕೆ ಮೊದಲು ಮಾಡಿದ್ದೇ ಅದು. ಆ ಮೇಲೆ ಮನೆಗೆ ಬಂದವರೆಲ್ಲ, ಅಡಿಕೆ ವ್ಯಾಪಾರಿಯಿಂದ ಹಿಡಿದು ಮೀಟರ್ ನೋಡಲು ಬಂದವರ ತನಕ, ಬಿಲ್ಲು ಕಂಡ ಕೂಡಲೇ ಕೈ ಹಾಕುವುದು ಹೆದೆಗೇ. ಕೊನೆಗೆ ಮಗಳು ಒಂದು ರಟ್ಟಿನಲ್ಲಿ 'ಟಂಕಾರ ಮಾಡಬಾರದು' ಅಂತ ಬರೆದು ತೂಗು ಹಾಕಿದಳು. ಪುಣ್ಯಕ್ಕೆ ರೆಕ್ಕೆಗೆ ಏನೂ ಆಗಿರಲಿಲ್ಲ.

ಈಗ 50 ಪೌಂಡ್‌ಗೆ ಬರುತ್ತೇನೆ. ಮನೆಯ ಹಿಂದಿನ ಎತ್ತರದ ಬರೆಗೆ, ಅಂದರೆ ಮಣ್ಣಿನ ದಿಬ್ಬಕ್ಕೆ, ಒರಗಿಸಿ ಹಳೇ ಬಟ್ಟೆ ತುಂಬಿದ ಗೋಣಿ ಇಟ್ಟೆವು. ಇಲ್ಲಿ ಅಷ್ಟೇ ಸಾಧ್ಯ. ಬಿಲ್ಲಿನಲ್ಲಿ ಪ್ರಾಣಿ ಹೊಡೆಯಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಕೇರಳದಲ್ಲಿ 2022ರಿಂದ ಕೃಷಿ ಹಾಳು ಮಾಡುವ ಹಂದಿಯನ್ನು ಕೊಲ್ಲಿಸಲು ಪಂಚಾಯತ್ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿದ್ದಾರೆ, ಆದರೆ ಅದು ಲೈಸೆನ್ಸ್ ಇರುವ ಬಂದೂಕಿನವರ ಕೆಲಸ. ನಮ್ಮ ಮರಗೆಣಸು ತಿಂದು ತೇಗುವ ಹಂದಿಗಳಿಗೆ ಭಾವನಿಂದ ಯಾವ ಅಪಾಯವೂ ಇರಲಿಲ್ಲ. ಕಾಯ್ದೆ ಇಲ್ಲದಿದ್ದರೂ ಇರುತ್ತಿರಲಿಲ್ಲ. ಅವನು ಹೆದೆ ಎಳೆದರೆ ಬಾಯಿ ವಾರೆಯಾಗುತ್ತದೆ, ಮೊಣಕೈ ನಡುಗುತ್ತದೆ, ಬೆರಳು ಕೆನ್ನೆಗೆ ಮುಟ್ಟುವ ಮೊದಲೇ ಬಾಣ ತಾನೇ ಹೊರಟುಬಿಡುತ್ತದೆ. ಬಿಲ್ಲುಗಾರ ಪ್ರತಿ ಸಲವೂ ಬೆರಳನ್ನು ಮುಖದ ಒಂದೇ ಜಾಗಕ್ಕೆ ತಂದು ನಿಲ್ಲಿಸಬೇಕು. ಗುರಿ ಅಂತ ಇರುವುದು ಅದರಲ್ಲಿ. ಭಾರ ಜಾಸ್ತಿಯಾದರೆ ನಿಲ್ಲಿಸಲು ಆಗುವುದಿಲ್ಲ, ಆ ಕೆಟ್ಟ ಅಭ್ಯಾಸ ಒಮ್ಮೆ ಕೂತರೆ ಬಿಡಿಸುವುದು ಕಷ್ಟ. ಹೆದೆ ಎಡಗೈಯ ಒಳಭಾಗಕ್ಕೆ ಬಾರಿಸಿ ನೇರಳೆ ಬಣ್ಣದ ಬರೆಯೂ ಬಂತು. ಕೈಗಾಪು ತರಲು ಅವನು ಮರೆತಿದ್ದ. ಮುಟ್ಟಾಳೆ, ಅಂದರೆ ಹಾಳೆಯ ಟೋಪಿ, ಮಾಡುವ ನೆರೆಮನೆಯ ಅಜ್ಜ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ, ಎರಡು ಕಡೆ ದಾರ ಕಟ್ಟಿ ಒಂದು ಕೈಗಾಪು ಮಾಡಿಕೊಟ್ಟರು. ಅಮೆರಿಕದ ಚರ್ಮದ್ದಕ್ಕಿಂತ ಅದೇ ಒಳ್ಳೆಯದಿತ್ತು, ಸುಮ್ನೆ ಹೊಗಳುವುದಲ್ಲ.

ನಾಚಿಕೆಯ ವಿಷಯ ಆದದ್ದು ಮರುದಿನ. ಅಡಿಕೆ ಕೊಯ್ಲಿಗೆ ಬರುವ ಅಣ್ಣ ದೋಟಿ, ಅಂದರೆ ಗೊನೆ ಕೊಯ್ಯುವ ಉದ್ದದ ಕೋಲು, ಒರಗಿಸಿ, "ಇದು ಎಂತದು ನೋಡುವ" ಅಂತ ಬಿಲ್ಲು ಕೈಗೆ ತೆಗೆದುಕೊಂಡ. ಬೀಡಿ ಬಾಯಲ್ಲೇ ಇತ್ತು. ಎಳೆದ. ಕಿವಿಯ ತನಕ ಬಂತು. ಹಾಗೇ ಹಿಡಿದುಕೊಂಡು ನಮ್ಮ ಕಡೆ ತಿರುಗಿ, "ಇದರಲ್ಲಿ ಹೊಡೆಯುವುದು ಎಂತ?" ಅಂತ ಕೇಳಿದ. "ಬಿಡಬೇಡಿ, ಬಿಡಬೇಡಿ" ಅಂತ ಭಾವ ಕೂಗಿದ. ಅಣ್ಣ ಮೆಲ್ಲ ಮೆಲ್ಲ ಹೆದೆಯನ್ನು ವಾಪಸ್ ತಂದು ನಿಲ್ಲಿಸಿದ, ಅದು ಎಳೆಯುವುದಕ್ಕಿಂತ ಕಷ್ಟದ ಕೆಲಸ. ಬೆಳಗ್ಗಿಂದ ಸಂಜೆ ತನಕ ತಲೆ ಮೇಲೆ ಮಾಡಿ ಉದ್ದದ ದೋಟಿ ಆಡಿಸುವವರ ಬೆನ್ನು ಅದು. ಬಿಲ್ಲು ಎಳೆಯುವುದೂ ತೋಳಿನಿಂದ ಅಲ್ಲ, ಬೆನ್ನಿನಿಂದ. ಕೀಬೋರ್ಡ್ ಕುಟ್ಟುವವನಿಗೆ ಆ ಬೆನ್ನು ಎಲ್ಲಿಂದ ಬರಬೇಕು?

ಭಾವ ಅವತ್ತೇ 30 ಪೌಂಡಿನ ರೆಕ್ಕೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ. ಬಂತು. ಬೋಲ್ಟಿನ ತೂತು ಒಂದಕ್ಕೊಂದು ಕೂರಲಿಲ್ಲ. ಇದೇ ನಾನು ಆಗ ಹೇಳಿದ ಕಥೆ. ರೆಕ್ಕೆ ಬದಲಿಸಬಹುದು ಅನ್ನುವುದು ನಿಜ, ಆದರೆ ಯಾವ ರೆಕ್ಕೆಯೂ ಯಾವ ಹಿಡಿಗೂ ಆಗುತ್ತದೆ ಅಂತಲ್ಲ. ಐಎಲ್‌ಎಫ್ ಅಂತ ಒಂದು ಅಳತೆ ಇದೆ, ಆ ಜಾತಿಯ ಹಿಡಿ ತೆಗೆದುಕೊಂಡರೆ ಬೇರೆ ಬೇರೆ ಕಂಪೆನಿಯ ರೆಕ್ಕೆ ಕೂರುತ್ತದೆ. ಬೋಲ್ಟ್ ಹಾಕುವ ಜಾತಿಯಲ್ಲಿ ಒಬ್ಬೊಬ್ಬರ ತೂತು ಒಂದೊಂದು ಕಡೆ. ಮಾವ ಡ್ರಿಲ್ ಮೆಷಿನ್ ತರಲೇ ಅಂತ ಕೇಳಿದರು. ಎಲ್ಲರೂ ಒಟ್ಟಿಗೆ ಬೇಡ ಅಂದೆವು.

ಬಾಣದ ವಿಷಯದಲ್ಲಿ ಜಾಸ್ತಿ ಹೇಳಲಿಕ್ಕೆ ಹೋಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ಬಾಣಕ್ಕೂ ಒಂದು ನಂಬರ್ ಇದೆ, ಎಷ್ಟು ಬಾಗುತ್ತದೆ ಅನ್ನುವುದರ ಲೆಕ್ಕ. ನಂಬರ್ ದೊಡ್ಡದಾದಷ್ಟೂ ಬಾಣ ಮೆತ್ತಗೆ, ಅಂದರೆ 500ಕ್ಕಿಂತ 600 ಮೆತ್ತಗೆ. ಬಾಣ ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡು ಬಾಗಿ ಹೋಗಬೇಕು, ತೀರಾ ಗಡುಸಾದರೆ ಸೈಡಿಗೆ ಹೊಡೆಯುತ್ತದೆ. ಬಿಲ್ಲಿನ ಮೈಮೇಲೆಯೇ ಇಟ್ಟು ಬಿಡುವವರಿಗೆ ಬಾಲಕ್ಕೆ ಪ್ಲಾಸ್ಟಿಕ್ ಬೇಡ, ಹಕ್ಕಿಯ ಗರಿಯೇ ಆಗಬೇಕು, ಅದು ಮಡಚಿಕೊಂಡು ದಾಟುತ್ತದೆ. ಉದ್ದ ಸ್ವಲ್ಪ ಜಾಸ್ತಿ ಇದ್ದರೆ ಪರವಾಗಿಲ್ಲ, ಗಿಡ್ಡವಾದರೆ ಎಳೆದಾಗ ತುದಿ ಒಳಗೆ ಜಾರಿ ಕೈಗೆ ಹೊಕ್ಕೀತು. ಇದನ್ನೆಲ್ಲ ಓದಿ ತಿಳಿದು ಭಾವ ತಂದ ಚಂದದ ಬಾಣಗಳಲ್ಲಿ ಹೆಚ್ಚಿನವು ಈಗ ಬರೆಯ ಮೇಲಿನ ತೋಟದಲ್ಲಿ, ಕಾಳುಮೆಣಸಿನ ಬಳ್ಳಿಯ ನಡುವೆ ಎಲ್ಲೋ ಇವೆ. ಕಾರ್ಬನ್ ಫೈಬರ್‌ನವು, ಈಗಿನ ದೋಟಿಯ ಹಾಗೆ. ಮುರಿದದ್ದೊಂದನ್ನು ನೋಡಿ ಕೊಯ್ಲಿನ ಅಣ್ಣ, "ನಮ್ಮ ದೋಟಿಯ ಮರಿಯಾ?" ಅಂತ ಕೇಳಿದ.

ರಾತ್ರಿ ಜಗಲಿಯಲ್ಲಿ ಭಾವ ಇಶಿಯ ಕಥೆ ಹೇಳುತ್ತಿದ್ದ. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡಿನಿಂದ ಹೊರಗೆ ಬಂದ, ಯಾಹಿ ಜನರ ಕೊನೆಯ ಮನುಷ್ಯ. ಅವನು ಸ್ಯಾಕ್ಸ್‌ಟನ್ ಪೋಪ್ ಅನ್ನುವ ಡಾಕ್ಟರಿಗೆ ಬಿಲ್ಲು ಮಾಡುವುದು, ಬೇಟೆಯಾಡುವುದು ಕಲಿಸಿದ. ಇವತ್ತು ಅಮೆರಿಕದಲ್ಲಿ ಹಳೇ ಬಿಲ್ಲು ಹಿಡಿಯುವವರಿಗೆಲ್ಲ ಆ ಹೆಸರು ದೊಡ್ಡದು. ನಾನೂ ಬಿಡಲಿಲ್ಲ, ಇಲ್ಲೇ ಕೆಳಗೆ ವಯನಾಡಿನಲ್ಲಿ ತಲಕ್ಕಲ್ ಚಂದು ಮತ್ತು ಅವನ ಬುಡಕಟ್ಟಿನ ಕುರಿಚ್ಯರು 1802ರಲ್ಲಿ ಬಿಲ್ಲು ಹಿಡಿದು ಪನಮರಂ ಕೋಟೆಯಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿ ಸೈನಿಕರನ್ನು ಮುಗಿಸಿದ್ದನ್ನು ಹೇಳಿದೆ. ಮಾವ ಇಬ್ಬರನ್ನೂ ಕೇಳಿ, ಹಂದಿ ಅಂದ ಮೇಲೆ ಕಿರಾತಾರ್ಜುನವೇ ಕಡೆಯ ಮಾತು ಅಂದರು. ಹಂದಿ ಒಂದು, ಬಾಣ ಎರಡು, ಹೊಡೆದದ್ದು ಯಾರು ಅಂತ ಶಿವನಿಗೂ ಅರ್ಜುನನಿಗೂ ಜಗಳ. "ಹಂದಿ ಬೀಳುವುದಕ್ಕೆ ಒಂದು ಪದ್ಯ ಸಾಕು ಮಾರಾಯ, ಆಮೇಲಿನ ಮಾತಿಗೇ ಇರುಳು ಬೆಳಗಾಗುವುದು."

ಭಾವ ಹೊರಟ ದಿನ ಸೂಟ್‌ಕೇಸ್ ತೂಕಕ್ಕೆ ಇಟ್ಟರು. 23 ಕಿಲೋಗಿಂತ ಜಾಸ್ತಿ ಬಿಡುವುದಿಲ್ಲ. ಅಮ್ಮ ಕಟ್ಟಿದ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾಂಬಾರ್ ಪುಡಿ ಒಂದು ಕಡೆ, 50 ಪೌಂಡಿನ ಬಿಲ್ಲು ಇನ್ನೊಂದು ಕಡೆ. ಯಾವುದು ಹೊರಗೆ ಬಂತು ಅಂತ ಹೇಳಬೇಕಾಗಿಲ್ಲ ಅಲ್ವಾ? ಅಲ್ಲಿ ಹೋದವನು 35ರದ್ದೊಂದು ತೆಗೆದುಕೊಂಡಿದ್ದಾನೆ, ಈ ಸಲ ಅಂಗಡಿಯಲ್ಲೇ ಎಳೆದು, ಕೆನ್ನೆಗೆ ಮುಟ್ಟಿಸಿ, ನಡುಗದೆ ನಿಲ್ಲುತ್ತದಾ ಅಂತ ನೋಡಿ. ಹಂದಿ ಸದ್ಯಕ್ಕೆ ಇಲ್ಲ, ಗೋಣಿ ಮಾತ್ರ.

ಇಲ್ಲಿ ಉಳಿದದ್ದನ್ನು ಮಾವ ಬಂದು ಕೇಳಿದರು, ಮುಂದಿನ ವಾರ ಕಿರಾತಾರ್ಜುನ ಕೂಟ ಇದೆ, ಒಂದು ರಾತ್ರಿಗೆ ಬೇಕು ಅಂತ. ತಾಳಮದ್ದಳೆಗೆ ವೇಷವೂ ಇಲ್ಲ, ಕುಣಿತವೂ ಇಲ್ಲ, ಕೂತು ಮಾತಾಡುವುದಷ್ಟೇ. ಬಿಲ್ಲು ಯಾಕೆ ಮಾವ ಅಂದೆ.

"ಸುಮ್ನೆ ಪಕ್ಕದಲ್ಲಿ ಇಟ್ಟುಕೊಳ್ಳಲಿಕ್ಕೆ" ಅಂದರು. "ಈ ಸಲ ಎದುರಿನ ಅರ್ಜುನ ಸ್ವಲ್ಪ ಜಾಸ್ತಿ ಮಾತಾಡುವವ."