ಎಳನೀರಿನ ಸಲಹೆ ಎಲ್ಲರಿಗೂ ಅಲ್ಲ
ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರೆಲ್ಲ ಎಳನೀರು, ಬಾಳೆಹಣ್ಣು ಜಾಸ್ತಿ ತಗೊಳ್ಳಿ ಎಂದು ಒಂದು ಆರೋಗ್ಯ ಲೇಖನದಲ್ಲಿ ಓದಿದೆ. ಇದು ಅಪಾಯದ ಮಾತು. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಎಂಬ ಲವಣಾಂಶ ಹೆಚ್ಚು. ಇಂಥ ಮಾತ್ರೆಗಳಲ್ಲೊಂದಾದ ಫ್ಯೂರೋಸೆಮೈಡ್ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ, ನಿಜ. ಆದರೆ ಇನ್ನೊಂದು ಮಾತ್ರೆ ಸ್ಪೈರನೊಲ್ಯಾಕ್ಟೋನ್ ಅದನ್ನು ಒಳಗೇ ಉಳಿಸುತ್ತದೆ. ಈ ಸ್ಪೈರನೊಲ್ಯಾಕ್ಟೋನ್ ಜೊತೆ ದಿನಾ ಎಳನೀರು, ಇಲ್ಲವೇ ಪೊಟ್ಯಾಸಿಯಂ ಬೆರೆತ 'ಲೋ ಸೋಡಿಯಂ' ಉಪ್ಪು ಸೇರಿದರೆ, ಅದರಲ್ಲೂ ಕಿಡ್ನಿ ಸೋತಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿ ಹೃದಯದ ಬಡಿತವೇ ಏರುಪೇರಾಗಬಹುದು. ಎರಡೂ ಔಷಧ ಒಂದೇ ಮಾತ್ರೆಯಲ್ಲಿ ಬರುವುದೂ ಉಂಟು, ಸ್ಟ್ರಿಪ್ ಹಿಂಬದಿ ಓದಿ. ರಕ್ತಪರೀಕ್ಷೆ ನೋಡಿದ ಮೇಲೆಯೇ ಆಹಾರದ ಮಾತು.

ಇನ್ನು ಆ ಲೇಖನದಲ್ಲಿ ತೂಕದ ವಿಷಯವೇ ಬಿಟ್ಟುಹೋಗಿದೆ. ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿಂಡಿಗೆ ಮುಂಚೆ, ಅದೇ ಯಂತ್ರದಲ್ಲಿ ನೋಡಿ ಬರೆದಿಡಬೇಕು. ಹೃದಯ ವೈಫಲ್ಯ ಇರುವವರಿಗೆ 3 ದಿನದಲ್ಲಿ 2 ಕೆಜಿ ಏರಿದರೆ ಅದು ಮೈಯಲ್ಲಿ ನೀರು ನಿಂತ ಸೂಚನೆ ಇರಬಹುದು, ಕಾಲು ಊದುವ ತನಕ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಮಂಡಿನೋವಿಗೆಂದು ತಾವೇ ಡೈಕ್ಲೋಫಿನಾಕ್ ಎಂಬ ನೋವಿನ ಮಾತ್ರೆ ನುಂಗಿದರೂ ಮೈಯಲ್ಲಿ ನೀರು ನಿಲ್ಲುತ್ತದೆ. ವಾಂತಿಭೇದಿ ಆದ ದಿನ ಮೂತ್ರ ಹೆಚ್ಚಿಸುವ ಮಾತ್ರೆ ಮುಂದುವರಿಸಬೇಕೇ ಎಂದು ಡಾಕ್ಟರನ್ನು ಕೇಳಿಯೇ ನುಂಗಿ.